ಬಾಡಿಗೆ ಬಂಟ, ಉದ್ರಿ ಅಭಿಮಾನ

ಒಬ್ಬ ಆಟಗಾರ ಲೋನ್ ಮೇಲೆ ಬರುತ್ತಾನೆ. ಅಷ್ಟೆ. ಅವನ ಕ್ಲಬ್ಬಿಗೆ ಅವನು ಬೇಡವಾಗಿದ್ದಾನೆ. ಈ ಕ್ಲಬ್ಬಿನ ಬಳಿ ಹೊಸಬನನ್ನು ಕೊಳ್ಳಲು ಕಾಸಿಲ್ಲ. ಎರಡೂ ಕಡೆಯ ತಾಪತ್ರಯ ಒಂದಾಗಿ ಕಾಗದದ ಮೇಲೆ ಸಹಿ ಬಿದ್ದಿದೆ. ಇದಕ್ಕೆ ಇಷ್ಟೊಂದು ಗುಲಾಲು ಯಾಕೆ ಹಾರಬೇಕು? ನಾಲ್ಕು ದಿನ ಬಿಟ್ಟು ಅದೇ ಕೈಗಳು ಮಣ್ಣು ಯಾಕೆ ತೂರಬೇಕು?

ಅಭಿಮಾನಿಯ ಹದಿನೈದು ದಿನ ಹೀಗೆ ಸಾಗುತ್ತದೆ. ಸುದ್ದಿ ಬಂದ ಸಂಜೆ: "ಇಂವ ಯಾಂವಲೇ? ಯಾಕ ತಂದ್ರು ಇವನ್ನ?" ಮರುದಿನ ಯಾರೋ ಅವನ ಹಳೆಯ ಗೋಲುಗಳ ವಿಡಿಯೊ ತೋರಿಸುತ್ತಾರೆ: "ಹುಲಿ ಅದಾನ್ಲೇ ಮಗಾ!" ಮೊದಲ ಪಂದ್ಯದಲ್ಲಿ ಒಂದು ಗೋಲು: "ಇವನ್ನ ಖಾಯಂ ಮಾಡ್ರಿ, ಎಷ್ಟ ರೊಕ್ಕ ಆದರೂ ಕೊಡ್ರಿ." ಕೊಡುವುದು ಇವನಲ್ಲ, ಅದಕ್ಕೇ ಅಷ್ಟು ಧಾರಾಳ. ಎರಡನೇ ಪಂದ್ಯದಲ್ಲಿ ಚೆಂಡು ಕಂಬಕ್ಕೆ ಬಡಿಯಿತು: "ಬಾಡಿಗಿ ಮಂದಿ. ಇವರಿಗೆಲ್ಲಿ ನಿಷ್ಠಾ ಇರತೈತಿ?"

ನಿಷ್ಠೆ! ಈ ಮಾತಾಡುವವನ ಟ್ರಂಕು ತೆಗೆಸಿ ನೋಡಬೇಕು. 2021ರವರೆಗೆ ಬಾರ್ಸಿಲೋನಾ ಅಂಗಿ. ಮೆಸ್ಸಿ ಪ್ಯಾರಿಸ್‌ಗೆ ಹೋದ, ಪ್ಯಾರಿಸ್ ಅಂಗಿ ಬಂತು. 2023ರಲ್ಲಿ ಮೆಸ್ಸಿ ಮಯಾಮಿ ಸೇರಿದ, ನಿಪ್ಪಾಣಿ ಪೇಟೆಯಿಂದ ಗುಲಾಬಿ ಅಂಗಿ ಬಂತು. ಎರಡು ವರ್ಷದಲ್ಲಿ ಮೂರು ಕ್ಲಬ್ಬಿನ ಅಂಗಿ ತೊಟ್ಟ ಮಹಾನುಭಾವ, ಆರು ತಿಂಗಳ ಕರಾರಿಗೆ ಬಂದ ಕೂಲಿಯವನ ನಿಷ್ಠೆ ಅಳೆಯಲು ಕೂತಿದ್ದಾನೆ.

ಯುರೋಪಿನ ಟ್ರಾನ್ಸ್‌ಫರ್ ವಿಂಡೊ ತೆರೆಯುವುದೂ, ಮಹಾರಾಷ್ಟ್ರದ ಮಳೆ ನೀರು ನಮ್ಮ ಹೊಳೆಗೆ ಇಳಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಜುಲೈ, ಆಗಸ್ಟ್. ನಮ್ಮ ಬೆಳಗಾವಿ ಜಿಲ್ಲೆಯ ಕಲ್ಲೋಳ-ಯಡೂರ ಸೇತುವೆ ಮುಳುಗುತ್ತದೆ. ಓಡಾಟ ಬಂದ್. ಪೊಲೀಸರು ಬ್ಯಾರಿಕೇಡ್ ಹಾಕಿ ನಿಲ್ಲುತ್ತಾರೆ. ಹುಡುಗರು ಚಹಾದಂಗಡಿ ಸೇರುತ್ತಾರೆ. ಸೇತುವೆ ಎತ್ತರಿಸಲು ಎಷ್ಟು ಖರ್ಚಾದೀತು ಎಂದು ಅವರಲ್ಲಿ ಒಬ್ಬನೂ ಕೇಳಿದ್ದು ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ಸ್ಟ್ರೈಕರ್‌ನ ವಾರದ ಪಗಾರ ಮಾತ್ರ ಎಲ್ಲರಿಗೂ ಬಾಯಿಪಾಠ. ಪೌಂಡಿನಲ್ಲಿ.

"ಕಾಕಾ, ನಮ್ಮವರು ಒಬ್ಬವನ್ನ ಲೋನ್ ಮ್ಯಾಲ ತರಾಕತ್ತಾರ" ಅಂದ ಒಬ್ಬ.

"ನಮ್ಮವರು ಅಂದ್ರ ಯಾರಪಾ?"

"ಮ್ಯಾಂಚೆಸ್ಟರ್."

ಯಡೂರಿನಿಂದ ಹೊಳೆ ದಾಟಿ ಆಚೆ ಹೋಗಲಾಗದ ದಿನ, ಮ್ಯಾಂಚೆಸ್ಟರ್ ಇವನಿಗೆ ನಮ್ಮದು. ಇರಲಿ. ಅಭಿಮಾನಕ್ಕೆ ಪಾಸ್‌ಪೋರ್ಟು ಬೇಡ. ಆದರೆ ಆ ಅಭಿಮಾನದ ಬಾಳಿಕೆ ಎಷ್ಟು?

ವೌಟ್ ವೆಗ್‌ಹೋರ್ಸ್ಟ್ ಎಂಬ ಡಚ್ಚನ ಕತೆ ಕೇಳಿ. ಬರ್ನ್ಲಿ ಕ್ಲಬ್ಬಿನ ಆಸಾಮಿ. ಟರ್ಕಿಯ ಬೆಸಿಕ್ಟಾಸ್‌ಗೆ ಲೋನ್ ಹೋಗಿದ್ದ. 2022ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಎರಡು ಗೋಲು ಹೊಡೆದ. ರೊನಾಲ್ಡೊ ಜಗಳವಾಡಿ ಬಿಟ್ಟುಹೋದ ಜಾಗ ತುಂಬಬೇಕಿದ್ದ ಮ್ಯಾಂಚೆಸ್ಟರ್ ಯುನೈಟೆಡ್, 2023ರ ಜನವರಿಯಲ್ಲಿ ಇವನನ್ನು ಟರ್ಕಿಯಿಂದ ಬಿಡಿಸಿಕೊಂಡು ಮತ್ತೆ ಲೋನ್ ಮೇಲೆಯೇ ತಂದಿತು. ಫೆಬ್ರುವರಿ ಕೊನೆಗೆ ಅವನಿದ್ದ ತಂಡ ಲೀಗ್ ಕಪ್ ಗೆದ್ದಿತು. ಆರು ವರ್ಷಗಳ ನಂತರ ಆ ಕ್ಲಬ್ಬಿಗೆ ಸಿಕ್ಕ ಮೊದಲ ಟ್ರೋಫಿ. ಒಂದು ವಾರ ಆತ ದೇವರು.

ಮಾರ್ಚ್ 5. ಲಿವರ್‌ಪೂಲ್‌ನ ಆನ್‌ಫೀಲ್ಡ್. ಆಟಗಾರರು ಮೈದಾನಕ್ಕೆ ಇಳಿಯುವ ಹಾದಿಯಲ್ಲಿ ಆ ಊರಿನವರ ಹೆಸರಾಂತ ಫಲಕವಿದೆ. ಲಿವರ್‌ಪೂಲಿನವರು ಅದನ್ನು ಮುಟ್ಟಿ ಒಳಗೆ ಹೋಗುತ್ತಾರೆ. ನಮ್ಮ ವೆಗ್‌ಹೋರ್ಸ್ಟ್ ಅದಕ್ಕೆ ಕೈ ಇಟ್ಟ. ಎದುರು ತಂಡದ ತನ್ನ ದೇಶದವನೇ ಆದ ವ್ಯಾನ್ ಡೈಕ್ ಅದನ್ನು ಮುಟ್ಟದ ಹಾಗೆ ಅಡ್ಡ ಬಂದೆ ಎಂದು ಆಮೇಲೆ ವಿವರಿಸಿದ. ಯಾರು ಕೇಳುತ್ತಾರೆ? ಅಂದು ಯುನೈಟೆಡ್ ಸೋತದ್ದು 7-0. ಗೋಲ್‌ಕೀಪರ್ ತಪ್ಪಲ್ಲ, ಡಿಫೆನ್ಸ್ ತಪ್ಪಲ್ಲ, ಕೋಚ್ ತಪ್ಪಲ್ಲ. ಫಲಕ ಮುಟ್ಟಿದ ಕೈ ತಪ್ಪು. ಏಳು ಗೋಲು ತಿಂದವರು ಹನ್ನೊಂದು ಜನ, ಬೈಗುಳ ತಿಂದವನು ಒಬ್ಬ. ಬಾಡಿಗೆಯವನು.

31 ಪಂದ್ಯಕ್ಕೆ ಎರಡೇ ಗೋಲು ಹೊಡೆದ, ಅದು ನಿಜ. ಬೈಯಲು ಅದು ಸಾಕಿತ್ತು. ಫಲಕ ಬೇಕಿರಲಿಲ್ಲ.

ಹಾಗಾದರೆ ಮನೆಯ ಮಗನಿಗಾದರೂ ಮರ್ಯಾದೆ ಉಂಟೇ? ಮಾರ್ಕಸ್ ರಾಶ್‌ಫೋರ್ಡ್ ಏಳನೇ ವಯಸ್ಸಿಗೆ ಅದೇ ಕ್ಲಬ್ ಸೇರಿದವನು. ನಿಷ್ಠೆ, ಮಣ್ಣಿನ ಮಗ ಎಂಬ ಹೆಸರು, ಎಲ್ಲ ಇತ್ತು. 2025ರ ಫೆಬ್ರುವರಿಯಲ್ಲಿ ಅವನನ್ನು ಆಸ್ಟನ್ ವಿಲ್ಲಾಗೆ ಲೋನ್ ಕೊಟ್ಟರು. ಜುಲೈನಲ್ಲಿ ಬಾರ್ಸಿಲೋನಾಗೆ. "ಪೀಡಾ ಹೋತು" ಅಂದರು ನಮ್ಮ ಹುಡುಗರು. ಸೆಪ್ಟೆಂಬರ್‌ನಲ್ಲಿ ಆತ ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ನ್ಯೂಕ್ಯಾಸಲ್‌ಗೆ ಎರಡು ಗೋಲು ಬಾರಿಸಿದ. "ನಮ್ಮ ಹುಡುಗ ನೋಡ್ರಿ!" ಅಂದರು ಅದೇ ಹುಡುಗರು, ಅದೇ ಬೆಂಚಿನ ಮೇಲೆ. ಬೆಂಚಿಗಾದರೂ ನಾಚಿಕೆ ಆಗಿರಬೇಕು.

ಕೊಟ್ಟವರ ಪಾಡೂ ಒಮ್ಮೊಮ್ಮೆ ಚೆನ್ನಾಗಿರುತ್ತದೆ. ಬಾರ್ಸಿಲೋನಾ 2018ರಲ್ಲಿ ಭಾರಿ ದುಡ್ಡು ಸುರಿದು ತಂದ ಕೂಟಿನ್ಯೊ ಅಲ್ಲಿನ ಮಂದಿಗೆ ಹಿಡಿಸಲಿಲ್ಲ. ಬಯರ್ನ್ ಮ್ಯೂನಿಕ್‌ಗೆ ಲೋನ್ ಕೊಟ್ಟು ಕೈ ತೊಳೆದುಕೊಂಡರು. 2020ರ ಆಗಸ್ಟ್ 14, ಲಿಸ್ಬನ್. ಎದುರಾಳಿ ಬಾರ್ಸಿಲೋನಾ. ಕೊನೆಯ ಹದಿನೈದು ನಿಮಿಷಕ್ಕೆ ಬದಲಿಯಾಗಿ ಇಳಿದ ಕೂಟಿನ್ಯೊ ತನ್ನ ಮೂಲ ಒಡೆಯರಿಗೇ ಎರಡು ಗೋಲು ಹೊಡೆದ. ಬಯರ್ನ್ 8, ಬಾರ್ಸಿಲೋನಾ 2. ಬಾಡಿಗೆಯವನಿಗೆ ನಿಷ್ಠೆ ಇಲ್ಲ ಅನ್ನುವವರು ಹೇಳಲಿ: ಆ ದಿನ ಅವನ ನಿಷ್ಠೆ ಯಾವ ಕಡೆ ಇರಬೇಕಿತ್ತು?

ದೂರದ ಮಾತು ಬಿಡಿ. ಬೆಂಗಳೂರಿಗೆ ಬನ್ನಿ. ಯಡೂರಿಗೆ ಅದೂ ಏನು ಹತ್ತಿರವಲ್ಲ. ನಮ್ಮ ಕಡೆಯವರಿಗೆ ಫುಟ್‌ಬಾಲ್ ಅಂದರೆ ಕೊಲ್ಹಾಪುರ. ಅಲ್ಲಿನ ತಾಲೀಮು ಮಂಡಳಿಗಳು ಶಾಹು ಸ್ಟೇಡಿಯಂನಲ್ಲಿ ಆಡಿದರೆ ಪೇಟೆಯ ಓಣಿಗಳೇ ಇಬ್ಭಾಗ. ಕುಸ್ತಿಯ ಗರಡಿಯ ಹೆಸರಿನಲ್ಲಿ ಫುಟ್‌ಬಾಲ್ ಆಡುವ ಊರು ಅದು. ಆದರೂ ನಾಡಿನ ಹೆಸರು ಹೊತ್ತ ಕ್ಲಬ್ ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿತು, ಹುಟ್ಟಿದ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನೀಲಿ ಅಂಗಿಯವರು ತೊಂಬತ್ತು ನಿಮಿಷ ನಿಂತೇ ಹಾಡುತ್ತಾರೆ. ಅದು ಚೆಂದ. ಅದಕ್ಕೆ ತಕರಾರಿಲ್ಲ.

ತಕರಾರು ಇರುವುದು ಇಲ್ಲಿ. ಆ ನೀಲಿ ಮಂದಿಯಲ್ಲೂ ಲೋನ್ ಎಂದರೆ ಮೂಗು ಮುರಿಯುವವರಿದ್ದಾರೆ. "ಲೋನ್ ಆಟಗಾರನಿಗೆ ಅಂಗಿಯ ಬೆಲೆ ಗೊತ್ತಿಲ್ಲ." ಹಾಗೋ? ಹಾಗಾದರೆ ಅವರ ಆರಾಧ್ಯದೈವ ಸುನಿಲ್ ಚೆಟ್ರಿಯ ಜಾತಕ ನೋಡೋಣ.

2013ರ ಆರಂಭದಲ್ಲಿ ಚೆಟ್ರಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನವನು. ಅಲ್ಲಿನ ಬಿ ತಂಡದಲ್ಲಿ ಜಾಗ ಸಿಗದೆ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಲೋನ್ ಮೇಲೆ ಬಂದ. ಆ ವರ್ಷ ಚರ್ಚಿಲ್ ಐ-ಲೀಗ್ ಚಾಂಪಿಯನ್. ಆಮೇಲೆ ಬೆಂಗಳೂರು. 2015ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಹರಾಜು ನಡೆಯಿತು. ಆಗ ಬೆಂಗಳೂರು ಐ-ಲೀಗ್ ಆಡುತ್ತಿತ್ತು, ಐಎಸ್‌ಎಲ್ ಬೇರೆಯೇ ಪಂದ್ಯಾವಳಿ. ಮುಂಬೈ ಸಿಟಿ 1.2 ಕೋಟಿ ರೂಪಾಯಿ ಕೂಗಿ ಚೆಟ್ರಿಯನ್ನು ಒಯ್ದಿತು. ಆ ಸೀಸನ್, ಮರು ಸೀಸನ್, ಬೆಂಗಳೂರಿನ ನಾಯಕ ಮುಂಬೈ ಅಂಗಿ ತೊಟ್ಟು ಆಡಿದ. ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಬಾರಿಸಿದ ಮೊದಲ ಭಾರತೀಯ ಅನ್ನುವ ಕೀರ್ತಿಯೂ ಆ ಮುಂಬೈ ಅಂಗಿಯ ಮೇಲೇ ಬಂದದ್ದು. ನೀವು ಪೂಜೆ ಮಾಡುವ ದೇವರೇ ಊರೂರು ಸುತ್ತಿ ಬಂದದ್ದು. ಪಲ್ಲಕ್ಕಿ ಹೊತ್ತವರಿಗೆ ಇದು ನೆನಪಿಲ್ಲ.

ಇನ್ನು ಸಿ.ಕೆ. ವಿನೀತ್. ಕಣ್ಣೂರಿನ ಹುಡುಗ, ಬೆಂಗಳೂರಿನ ಆಟಗಾರ. 2015 ಮತ್ತು 2016ರಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಲೋನ್ ಹೋದ. 2016ರಲ್ಲಿ ಐದು ಗೋಲು ಹೊಡೆದು ತಂಡವನ್ನು ಫೈನಲ್‌ವರೆಗೆ ಎಳೆದ. ಕೊಚ್ಚಿಯ ಹಳದಿ ಸಮುದ್ರ ಉಕ್ಕಿತು. ಬೆಂಗಳೂರಿಗೆ ಮರಳಿ ಬಂದ. 2017ರ ಮೇ 21ರಂದು ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್. ಎದುರಾಳಿ ಮೋಹನ್ ಬಾಗಾನ್. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಎರಡು ಗೋಲು. ಎರಡೂ ವಿನೀತ್‌ನವೇ. ಎರಡು ಊರಿಗೂ ದುಡಿದ, ಎರಡು ಊರಿನ ಋಣವನ್ನೂ ತೀರಿಸಿದ.

ಅದೇ ಹೊತ್ತಿಗೆ ಅವನ ಸರ್ಕಾರಿ ನೌಕರಿ ಹೋಯಿತು. ಕಚೇರಿಯಲ್ಲಿ ಹಾಜರಿ ಕಡಿಮೆ ಎಂದು ಅಕೌಂಟೆಂಟ್ ಜನರಲ್ ಕಚೇರಿ ಮನೆಗೆ ಕಳಿಸಿತು. ಕ್ರೀಡಾ ಕೋಟಾದಲ್ಲಿ ಕೆಲಸ ಕೊಟ್ಟು, ಆಡಲು ಹೋದದ್ದಕ್ಕೆ ಗೈರುಹಾಜರಿ ಹಾಕುವ ದೇಶ ನಮ್ಮದು.

ಆಮೇಲೆ ಆತ ಖಾಯಂ ಆಗಿ ಕೇರಳದವನಾದ. ಅಲ್ಲಿಗೆ ಪ್ರೀತಿ ಮುಗಿಯಿತು. ಎರವಲು ಇದ್ದಾಗ ಹೆಗಲ ಮೇಲೆ ಹೊತ್ತವರು, ಸ್ವಂತದವನಾದ ಮೇಲೆ ಪ್ರತಿ ತಪ್ಪಿಗೂ ಲೆಕ್ಕ ಇಟ್ಟರು. 2019ರ ಜನವರಿಯಲ್ಲಿ ಅವನನ್ನು ಚೆನ್ನೈಯಿನ್‌ಗೆ ಲೋನ್ ಕೊಟ್ಟರು. ಮರು ತಿಂಗಳು, ತನ್ನ ಮೇಲೆ ಸುಳ್ಳು ಅಪವಾದ ಹಬ್ಬಿಸುತ್ತಿದ್ದಾರೆ ಎಂದು ಆತ ಅಭಿಮಾನಿಗಳ ವಿರುದ್ಧವೇ ಪೊಲೀಸರಿಗೆ ದೂರು ಕೊಟ್ಟ. ತನ್ನ ರಾಜ್ಯದ, ತನ್ನ ಭಾಷೆಯ ಅಭಿಮಾನಿಗಳ ಮೇಲೆ. ಇದಕ್ಕಿಂತ ದೊಡ್ಡ ಸನ್ಮಾನ ಇನ್ನೇನು ಬೇಕು?

ಮ್ಯಾನುಯೆಲ್ ಒನ್ವುವಿನದು ಚಿಕ್ಕ ಕತೆ. 2019ರಲ್ಲಿ ಬೆಂಗಳೂರು ತಂದ ಸ್ಪೇನಿನ ಸ್ಟ್ರೈಕರ್. ಇಲ್ಲಿ ಐಎಸ್‌ಎಲ್‌ನಲ್ಲಿ ಗೋಲು ಬರಲಿಲ್ಲ. ಅವನ ಪಾಸು ಕಂಡು ನಕ್ಕರು, ಓಟ ಕಂಡು ನಕ್ಕರು. ಅರ್ಧ ಸೀಸನ್ನಿಗೇ ಒಡಿಶಾಗೆ ಲೋನ್. ಅಲ್ಲಿ ಹೋದವನೇ ಗೋಲಿನ ಮೇಲೆ ಗೋಲು. ಕೇರಳ ವಿರುದ್ಧ 4-4ರ ಆ ಹುಚ್ಚು ಪಂದ್ಯದಲ್ಲಿ ಹ್ಯಾಟ್ರಿಕ್. "ಯಾಕ ಬಿಟ್ರಿ ಅವನ್ನ?" ಎಂದು ಈಗ ಮ್ಯಾನೇಜ್‌ಮೆಂಟಿಗೆ ಬೈಗುಳ. ಬೈದವರು ಯಾರು? ಬಿಡಿ ಎಂದು ಒದರಿದವರೇ. ಮುಂದಿನ ಸೀಸನ್ ಒಡಿಶಾ ಅವನನ್ನು ಉಳಿಸಿಕೊಂಡಿತು, ಗೋಲಿನ ಮಳೆ ಉಳಿಯಲಿಲ್ಲ. ಆಗ ಇವರು: "ನಾವು ಮೊದಲೇ ಹೇಳಿರಲಿಲ್ಲವೇ?" ಯಾವುದನ್ನು ಹೇಳಿದ್ದಿರಿ ಸ್ವಾಮಿ? ಎರಡನ್ನೂ ಹೇಳಿದ್ದಿರಿ.

ಹೀಗೆ ಆಟಗಾರನ ನಿಷ್ಠೆಗೆ ತಕ್ಕಡಿ ಹಿಡಿದವರು, ಕ್ಲಬ್ಬಿನ ನಿಷ್ಠೆಯ ಕಡೆ ತಿರುಗಿಯೂ ನೋಡುವುದಿಲ್ಲ. 2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದೆವು ಎಂದು ಪ್ರಕಟಿಸಿತು. ಐಎಸ್‌ಎಲ್ ನಡೆಯುವ ಖಾತ್ರಿಯೇ ಇರಲಿಲ್ಲ. ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಹದಿನೈದು ವರ್ಷದ ಒಪ್ಪಂದ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು, ಮುಂದೇನೆಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಫೆಬ್ರುವರಿ 14ಕ್ಕೆ ಲೀಗ್ ಶುರು ಎಂದು ಕೇಂದ್ರ ಕ್ರೀಡಾ ಸಚಿವರೇ ಹೇಳಬೇಕಾಯಿತು. ದೇಶದ ದೊಡ್ಡ ಲೀಗ್ ಆಡಿಸಲು ಮಂತ್ರಿ ಬೇಕು.

ಆ ದಿನಗಳಲ್ಲಿ ಚಹಾದಂಗಡಿಯಲ್ಲಿ ಕೇಳಿದೆ: "ಏನಪಾ, ಬೆಂಗಳೂರಾಗ ಪಗಾರ ನಿಂತಾವಂತಲ್ಲ?"

"ಹೌದೇನ್ ಕಾಕಾ? ಗೊತ್ತಿಲ್ಲ ನೋಡ್ರಿ. ನಾನು ಪ್ರೀಮಿಯರ್ ಲೀಗ್ ಅಷ್ಟ ಫಾಲೋ ಮಾಡತೀನಿ."

ಚಹಾದ ದುಡ್ಡು ನಾನೇ ಕೊಟ್ಟೆ. ಅವನದು ಉದ್ರಿ ಖಾತೆ ಬಹಳ ಬೆಳೆದಿತ್ತು.

ನಮ್ಮ ಭಾಗದ ಜಾತ್ರೆಗಳಲ್ಲಿ ಜಂಗೀ ನಿಕಾಲಿ ಕುಸ್ತಿಗಳು ನಡೆಯುತ್ತವೆ. ಹೊರಗಿನ ಪೈಲ್ವಾನರು ಬರುತ್ತಾರೆ, ಹಲಗೆ ಬಾರಿಸುತ್ತಾರೆ, ಕುಸ್ತಿ ಹಿಡಿಯುತ್ತಾರೆ, ಗೆದ್ದವನು ಇನಾಮು ಎಣಿಸಿಕೊಂಡು ಮರುದಿನ ಇನ್ನೊಂದು ಜಾತ್ರೆಗೆ ಹೋಗುತ್ತಾನೆ. ಅವನ ಕೊರಳಿಗೆ ಯಾರೂ ನಿಷ್ಠೆಯ ಲಿಂಗ ಕಟ್ಟಲು ಹೋಗುವುದಿಲ್ಲ. ಚೆನ್ನಾಗಿ ಹಿಡಿದನೇ? ಶಾಬಾಸ್. ಇಲ್ಲವೇ? ಮುಂದಿನ ಜೋಡಿ ಬರಲಿ. ಅಕ್ಷರ ಬಾರದ ಅಜ್ಜನಿಗೆ ತಿಳಿದ ಈ ಲೆಕ್ಕ, ಡಿಗ್ರಿ ಮುಗಿಸಿದ ಮೊಮ್ಮಗನಿಗೆ ತಿಳಿಯುವುದಿಲ್ಲ.

ಹಾಗಂತ ಮೊಮ್ಮಗ ಎಲ್ಲೆಲ್ಲೂ ಹೀಗೆ ಕಟ್ಟುನಿಟ್ಟು ಎಂದುಕೊಳ್ಳಬೇಡಿ. ಅವನ ಕ್ಷಮಾಗುಣ ನೋಡಬೇಕಾದರೆ ಕಾಗವಾಡ, ಅಥಣಿ ಕಡೆ ಬರಬೇಕು.

ಕಾಗವಾಡ, 2018. ಬಿಜೆಪಿಯಿಂದ ರಾಜು ಕಾಗೆ, ಕಾಂಗ್ರೆಸ್‌ನಿಂದ ಶ್ರೀಮಂತ ಪಾಟೀಲ. ಪಾಟೀಲರು ಗೆದ್ದರು. 2019ರ ಡಿಸೆಂಬರ್ 5ರ ಉಪಚುನಾವಣೆ. ಬಿಜೆಪಿಯಿಂದ ಶ್ರೀಮಂತ ಪಾಟೀಲ, ಕಾಂಗ್ರೆಸ್‌ನಿಂದ ರಾಜು ಕಾಗೆ. ಓದುವಾಗ ಹೆಸರು ಅದಲುಬದಲಾಯಿತೇ ಎಂದು ಕಣ್ಣುಜ್ಜಬೇಡಿ. ಸರಿಯಾಗಿಯೇ ಇದೆ. ಅದೇ ಮೈದಾನ, ಅದೇ ಇಬ್ಬರು ನಾಯಕರು. ವಿರಾಮದ ಹೊತ್ತಿಗೆ ಅಂಗಿ ಬದಲಿಸಿಕೊಂಡು ಬಂದರು, ಅಷ್ಟೆ. ಮತ್ತೆ ಪಾಟೀಲರೇ ಗೆದ್ದರು. 2020ರ ಫೆಬ್ರುವರಿಯಲ್ಲಿ ಮಂತ್ರಿಯೂ ಆದರು. 2023ರಲ್ಲಿ ಕಾಗೆಯವರು ಗೆದ್ದರು.

ಫುಟ್‌ಬಾಲ್‌ನಲ್ಲಿ ಸಹಿಗೆ ಮೊದಲು ಆಟಗಾರನಿಗೆ ವೈದ್ಯಕೀಯ ತಪಾಸಣೆ ಮಾಡಿಸುವುದು ರೂಢಿ. ನಮ್ಮಲ್ಲಿ ಅದನ್ನೂ ಪಾಲಿಸಿದ್ದೇವೆ. 2019ರ ಜುಲೈನಲ್ಲಿ ರಾಜ್ಯ ಸರ್ಕಾರದ ವಿಶ್ವಾಸಮತದ ಹೊತ್ತಿಗೆ, ಇನ್ನೂ ಕಾಂಗ್ರೆಸ್ಸಿನಲ್ಲಿದ್ದ ಶ್ರೀಮಂತ ಪಾಟೀಲರು ಬೆಂಗಳೂರಿನ ರೆಸಾರ್ಟ್‌ನಿಂದ ಕಾಣದಾದರು. ಆಮೇಲೆ ಕಂಡದ್ದು ಮುಂಬೈನ ಆಸ್ಪತ್ರೆಯ ಹಾಸಿಗೆಯ ಮೇಲೆ. ಎದೆನೋವು ಎಂದರು. ಆ ಫೋಟೊ ವಿಧಾನಸಭೆಯಲ್ಲಿ ಗದ್ದಲವೆಬ್ಬಿಸಿತು. ಬೆಂಗಳೂರಿನಲ್ಲಿ ಹೃದಯದ ಆಸ್ಪತ್ರೆಗಳಿಗೆ ಬರವೇ ಎಂದು ಕೇಳಿದವರು ಆಟದ ನಿಯಮ ತಿಳಿಯದವರು.

ಇಂಗ್ಲಿಷ್ ಪ್ರೀಮಿಯರ್ ಲೀಗಿನಲ್ಲಿ ಲೋನ್ ಹೋದವನು ತನ್ನ ಮೂಲ ಕ್ಲಬ್ಬಿನ ವಿರುದ್ಧ ಆಡುವಂತಿಲ್ಲ. 2022ರಿಂದ ಫಿಫಾ ಇನ್ನಷ್ಟು ಬಿಗಿ ಮಾಡಿದೆ. ಲೋನ್ ತಂದವನನ್ನು ಮತ್ತೊಬ್ಬರಿಗೆ ಲೋನ್ ಕೊಡುವಂತಿಲ್ಲ, ಒಂದು ವರ್ಷ ಮೀರುವಂತಿಲ್ಲ. ನಮ್ಮ ದೇಶದಲ್ಲಿ 1985ರಿಂದಲೇ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಅದರಡಿ 2019ರಲ್ಲಿ ಪಾಟೀಲರೂ ಸೇರಿ ರಾಜ್ಯದ ಹದಿನೇಳು ಶಾಸಕರು ಅನರ್ಹರಾದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದಿತು, ಉಪಚುನಾವಣೆಗೆ ನಿಲ್ಲಬಹುದು ಎಂದೂ ಹೇಳಿತು. ಕೆಂಪು ಕಾರ್ಡ್ ಸಿಕ್ಕವರು ಮುಂದಿನ ತಿಂಗಳೇ ಬೇರೆ ಅಂಗಿ ತೊಟ್ಟು ಮೈದಾನದಲ್ಲಿದ್ದರು.

ಅಥಣಿಯದು ಇನ್ನೂ ರುಚಿ. 2018ರಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿ ಬಿಜೆಪಿಯ ಲಕ್ಷ್ಮಣ ಸವದಿಯವರನ್ನು ಸೋಲಿಸಿದರು. 2019ರಲ್ಲಿ ಸೋತವರು ಉಪಮುಖ್ಯಮಂತ್ರಿ, ಗೆದ್ದವರು ಬಿಜೆಪಿ ಅಭ್ಯರ್ಥಿ. ತಮ್ಮನ್ನು ಕೆಡವಿದವರ ಪರವಾಗಿಯೇ ಸವದಿಯವರು ಓಟು ಕೇಳಬೇಕಾಯಿತು. 2023ರ ಏಪ್ರಿಲ್‌ನಲ್ಲಿ ಟಿಕೆಟ್ ತಪ್ಪಿದ್ದೇ ಸವದಿಯವರು ಕಾಂಗ್ರೆಸ್ ಸೇರಿದರು. ಮೇ ತಿಂಗಳಲ್ಲಿ ಅದೇ ಕುಮಠಳ್ಳಿಯವರನ್ನು 76 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಇಲ್ಲಿಯೂ ಅದೇ ಇಬ್ಬರು, ಅದಲುಬದಲಾದ ಅಂಗಿ.

ಆಗ ನಮ್ಮ ನಿಷ್ಠಾವಂತ ಹುಡುಗರು ಏನು ಮಾಡಿದರು? 2018ರಲ್ಲಿ ಪಟಾಕಿ ಹೊಡೆದರು. 2019ರಲ್ಲಿ ಪಟಾಕಿ ಹೊಡೆದರು. 2023ರಲ್ಲೂ ಹೊಡೆದರು. "ಸಾಹೇಬ್ರು ಯಾವ ಪಕ್ಷದಾಗ ಇದ್ದರ ಏನ ಕಾಕಾ, ಕೆಲಸ ಆಗಬೇಕಲ್ಲ?" ಎಂದು ನನಗೇ ಬುದ್ಧಿ ಹೇಳಿದರು. ಸರಿ. ಶಾಸಕನಿಗೆ ಪಕ್ಷ ಮುಖ್ಯವಲ್ಲ, ಕೆಲಸ ಮುಖ್ಯ. ಆದರೆ ಆರು ತಿಂಗಳ ಲೋನ್ ಮೇಲೆ ಬಂದ ಡಚ್ಚನ ಕೈ ಒಂದು ಫಲಕಕ್ಕೆ ತಗುಲಿದರೆ ಅವನು ದ್ರೋಹಿ. ನಾವು ಆರಿಸಿದವರು ಇಡೀ ಪಕ್ಷವನ್ನೇ ಬಿಟ್ಟು ಎದುರು ಗುಂಪಿಗೆ ಹೋದರೆ ಮುತ್ಸದ್ದಿ.

ಇಂಗ್ಲೆಂಡಿನ ಆ ಸ್ಟ್ರೈಕರ್‌ನಿಂದ ನಮಗೆ ನಯಾಪೈಸೆ ನಷ್ಟವಿಲ್ಲ. ಅವನ ಪಗಾರ ಕೊಡುವವರು ಬೇರೆ. ಉಪಚುನಾವಣೆಯ ಖರ್ಚು ಮಾತ್ರ ನಮ್ಮ ತೆರಿಗೆಯದು. ನಮ್ಮ ದುಡ್ಡು ಹೋಗದ ಕಡೆ ನಾವು ಮಹಾ ಲೆಕ್ಕಪರಿಶೋಧಕರು. ಹೋಗುವ ಕಡೆ ಗುಲಾಲು ಹಿಡಿದು ಮುಂದೆ ನಿಂತಿರುತ್ತೇವೆ.

ಯುರೋಪಿನ ವಿಂಡೊ ವರ್ಷಕ್ಕೆ ಎರಡು ಸಲ ತೆರೆದು ಮುಚ್ಚುತ್ತದೆ, ದಿನಾಂಕ ಮೊದಲೇ ಗೊತ್ತಿರುತ್ತದೆ. ಬೆಳಗಾವಿ ಜಿಲ್ಲೆಯದಕ್ಕೆ ಚಿಲಕವೇ ಇಲ್ಲ. ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಯಾರ ಹೆಸರಿನ ಅಂಗಿ ಹೊಲಿಸಬೇಕೆಂದಿದ್ದರೂ ನಾಮಪತ್ರ ವಾಪಸು ಪಡೆಯುವ ಕೊನೆಯ ದಿನದವರೆಗೆ ದರ್ಜಿಗೆ ಅಡ್ವಾನ್ಸ್ ಕೊಡಬೇಡಿ.